ಕಾರಣದ ಖಾನೆ

ಗೋಕುಲ ರಸ್ತೆದಾಗ ವಾಲ್ವ್ ಮಾಡೂ ಶೆಡ್ಡು.
ಅದರ ಸ್ಟೋರಿನ ಕಿಟಕಿ ನಂದು.
ಕಿಟಕಿಗೆ ಜಾಳಿಗಿ, ಜಾಳಿಗಿಗೆ ಕೈ ಹಿಡಿಸೂವಷ್ಟ ಕಿಂಡಿ.
ಹದಿನಾಕು ವರ್ಷ ಆತು,
ಮಂದಿ ಮಾರಿಗಿಂತ ಅವರ ಕೈ ನನಗ ಗುರ್ತು.

ಸೋಮವಾರ ಮಾಲಕರು ಅಂದ್ರು: "ಕಸ್ತೂರಿ,
ಹಳೇ ಹೋಲ್ಡರ್ ಸವದಾವು. ಆರು ಹೊಸಾವು ತರಸು.
ಯಾವು ಬೇಕು, ಯಾಕ ಬೇಕು,
ಹಾಳಿ ಮ್ಯಾಲ ಬರದು ಕೊಡು."

ಉಗುರಿನಷ್ಟ ಐತಿ ಟಿಪ್ಪು, ಬಂಗಾರದ ಬಣ್ಣದ್ದು.
ಅಷ್ಟನ್ನ ಹಿಡಿಯೂದಕ ಎಷ್ಟು ನಮೂನಿ!

ಮ್ಯಾಲಿಂದ ಒತ್ತಿ ಹಿಡಿಯೂದು ಒಂದು.
ತೂತಿಲ್ಲದ ಸೆರಾಮಿಕ್ಕಿಗೆ ಅದ ಗತಿ.
ಆದ್ರ ಕ್ಲ್ಯಾಂಪಿನ ಮೂಗು ಅಡ್ಡ ಬರತೈತಿ,
ಕಾದು ನೀಲಿಯಾದ ಸುರುಳಿ ಬಡದು ಬಡದು
ಮೂಗ ಸವದು ಹೋಗತೈತಿ.
ನಮ್ಮಲ್ಲಿ ಸೆರಾಮಿಕ್ ಯಾರೂ ಹಚ್ಚೂದಿಲ್ಲ. ಗೆರಿ ಹೊಡದೆ.

ಹಿಂದಕ ಎಳದು ಕೆಳಗ ಒತ್ತೂದು, ಎರಡೂ ಒಂದ ಸಲಕ,
ಎರಕದ ಫ್ಲ್ಯಾಂಜಿಗೆ ಇದ ಬೇಕು.
ಎಂಟು ಬೋಲ್ಟಿನ ತೂತು, ಒಂದ ಸುತ್ತಿಗೆ ಎಂಟು ಏಟು,
ಟಕ್ ಟಕ್ ಅನ್ನೂದು ನನ್ನ ಕಿಟಕೀತನಕ.
ಎರಡು ಅಂತ ಬರದೆ. ಕಾರಣ: ಏಟು ತಡೀತೈತಿ.

ಬೋರಿಂಗ್ ಬಾರಿಗೆ ಸ್ಕ್ರೂ, ಮತ್ತೇನ?
ಹಗೇವಿನಾಗ ಇಳದಾವಗ ಮೊಣಕೈ ಚಾಚಾಕ ಆಗೂದಿಲ್ಲ.
ಇವೂ ಎರಡು. ಕಾರಣ: ಜಾಗಾ ಕಡಿಮಿ.

ಉಳದದ್ದು ಮೂರನೇ ಮಷೀನು,
ವಾಲ್ವಿನ ದಂಡದ ಫಿನಿಶಿಂಗು.
ಮೂರನೇ ಮಷೀನು ಅಂದ್ರ ದಾವಲಸಾಬ ಕಿಲ್ಲೇದಾರ.

ಬೆಳಗಾವಿಯಿಂದ ಬರೂ ಸೇಲ್ಸಿನ ಹುಡುಗ ಅಂದ:
"ಅಕ್ಕಾರ, ಫಿನಿಶಿಂಗಿಗೆ ಸ್ಕ್ರೂ ಸಾಕ್ರಿ, ಸೋವಿ.
ಲಿವರ್ ಯಾಕ ಸುಮ್ಮ? ಅದು ರಫಿಂಗಿಗೆ."
ಅವನ ಪುಸ್ತಕದಾಗೂ ಹಂಗ ಐತಿ. ಖರೇನೂ ಐತಿ.

ಆದ್ರ ಆ ಸ್ಕ್ರೂ ಜ್ವಾಳದ ಕಾಳಿನಷ್ಟು.
ಟಿಪ್ಪಿನ ಮೂಲಿ ಬದಲಿ ಮಾಡಾಕ ಪೂರಾ ಬಿಚ್ಚಬೇಕು,
ಬಿಚ್ಚಿ ಹಿಡಕೋಬೇಕು, ಹಿಡದದ್ದನ್ನ ತಿರುಗಿ ಹಾಕಬೇಕು.
ಹೋದ ತಿಂಗಳ ದಾವಲಸಾಬಗ ಕೊಟ್ಟ ಸ್ಕ್ರೂ
ಇಪ್ಪತ್ತೊಂದು. ರಜಿಸ್ಟರಿನಾಗ ಐತಿ.
ಯಾರೂ ಸ್ಕ್ರೂ ತಿನ್ನೂದಿಲ್ಲ.

ಕಿಂಡಿಯೊಳಗ ಬರೂ ಆ ಕೈ
ತುಂಬಿದ ಚಾದ ಬಶಿ ಹಂಗ ತುಳಕತೈತಿ.
ಸ್ಕ್ರೂ ಬಿದ್ದು ಸುರುಳಿ ರಾಶ್ಯಾಗ ಮುಳಗತೈತಿ,
ಮ್ಯಾಗ್ನೆಟ್ ಹಿಡದು ಅಂವ ಮೊಣಕಾಲೂರಿ ಹುಡಕತಾನ,
ಮಗ್ಗಲದ ಹುಡುಗೂರು ಆ ಕಡೆ ಮಾರಿ ಮಾಡತಾವ.
ಡಯಾ ಮಾತ್ರ ಇವತ್ತಿಗೂ ಹತ್ತು ಮೈಕ್ರಾನಿನೊಳಗ.
ನಡಗೂದು ಕೈ. ಕಿವಿ ನಡಗೂದಿಲ್ಲ.

ಲಿವರಿನ ಜಾತೀನ ಬ್ಯಾರೆ.
ಟಿಪ್ಪಿನ ಕೆಳಗ, ಹೋಲ್ಡರಿನ ಹೊಟ್ಟ್ಯಾಗ,
ಮೊಣಕೈ ಹಂಗ ಮಣದದ್ದೊಂದು ಸಣ್ಣ ಕೀಲು
ತೂತಿನ ಒಳಗಿಂದ ಟಿಪ್ಪನ್ನ ಎಳಕೊಂಡು
ಗ್ವಾಡಿಗೆ ಆನಿಸಿ ಹಿಡಿತೈತಿ.
ಮ್ಯಾಲ ಏನೂ ಇಲ್ಲ, ಬಯಲು.
ಎಲನ್ ಕೀ ಹಾಕಿ ತುಸು ಸಡಲ ಬಿಟ್ರ
ಟಿಪ್ಪು ಕೈಗೆ ಬರತೈತಿ, ಬ್ಯಾರೆ ಯಾವುದೂ ಕಳಚೂದಿಲ್ಲ.

ದಂಡ ಸಣ್ಣದು, ಗುಂಯ್ ಅಂದೀತು ಅಂತ ಅಂಜಿಕಿ ಇತ್ತು.
ಶನಿವಾರ ಮಗ್ಗಲದ ಶೆಡ್ಡಿಂದ ಕಡಾ ತಂದು
ಚೂಪು ಮೂಗಿನ ಟಿಪ್ಪು ಹಾಕಿ ನೋಡಿಸಿದೆ.
ಸುಮ್ಮನ ಓಡಿತು.

ಇನ್ನ ಕಾರಣದ ಖಾನೆ.
ಇದ್ದದ್ದು ಇದ್ದಂಗ ಬರದ್ರ ನಾಳೆ ಮುಂಜಾನೆ
ಮೂರನೇ ಮಷೀನಿಗೆ ಬ್ಯಾರೆ ಹೆಸರು.
ಪೆನ್ನು ಕಚ್ಚಿಕೊಂಡು ಊಟದ ಸೈರನ್ನಿನತನಕ ಕುಂತೆ.
ಬರದೆ: ಸುರುಳಿ ಸರಾಗ ಹರಿತೈತಿ.
ಸುಳ್ಳಲ್ಲ ಅದು.

ಗುರುವಾರ ಮಾಲು ಬಂತು.
ದಾವಲಸಾಬ ಹೋಲ್ಡರ್ ಹಿಂದ ಮುಂದ ತಿರುವಿ ನೋಡಿದ.
"ಇದರ ಸ್ಕ್ರೂ ಎಲ್ಲೆವ್ವಾ?"
"ಒಳಗ ಐತಿ. ಹೊರಗ ಬರೂದಿಲ್ಲ."

ಹೋಗಲಿಲ್ಲ ಅಂವ. ಅಲ್ಲೇ ನಿಂತ,
ಅಂಗಿ ಕಿಸೆದಾಗ ಕೈಯಾಡಿಸಿ
ಎಣ್ಣಿ ಹತ್ತಿದ ಕಾಗದದ ಪುಡಕಿ ತಗದು
ಕಿಂಡ್ಯಾಗ ಇಟ್ಟ.
"ಹುಡುಕಿದಾಗ ಸಿಕ್ಕಾವು. ಜಮಾ ಮಾಡ್ಕೋ."

ಬಿಚ್ಚಿ ಎಣಿಸಿದೆ.
ರಜಿಸ್ಟರಿನಾಗ ಬರದೆ:
ಸ್ಕ್ರೂ, ಜಮಾ, ಮೂರು.